ಕಲ್ಲಿಗೆ ಕಣ್ಣು ಕೊಟ್ಟ ಆಚಾರ್ಯ ಜಗದೀಶಚಂದ್ರ ಬೋಸ್

ನಮ್ಮ ಜೇಬಿನಲ್ಲಿರುವ ಮೊಬೈಲಿನ ಮೈಯೊಳಗೆ ಇಂದು ಹಲವು ಸೂಕ್ಷ್ಮೇಂದ್ರಿಯಗಳು ಅಡಗಿವೆ. ಹೊರಗಿನ ಬೆಳಕು ತಗ್ಗಿದುದನ್ನು ಒಂದು ಅರಿಯುತ್ತದೆ. ಆಕಾಶದಿಂದ ಬರುವ ವಿದ್ಯುತ್ ತರಂಗವನ್ನು ಇನ್ನೊಂದು ಹಿಡಿಯುತ್ತದೆ. ಗಾಳಿಯ ಒತ್ತಡ, ಉಷ್ಣತೆ, ತೇವ ಮೂರನ್ನೂ ಅಳೆಯುವ, ಉದ್ದಿನ ಬೇಳೆಗಿಂತ ದೊಡ್ಡದಲ್ಲದ ಒಂದೇ ತುಣುಕನ್ನು ಕೆಲವು ಉಪಕರಣಗಳಲ್ಲಿ ಕೂಡಿಸುವುದೂ ಉಂಟು. ಒಂದೇ ಹರಳಿನಿಂದ ಹಲವು ಬಗೆಯ ಅರಿವನ್ನು ಪಡೆಯಬಹುದೆಂಬುದನ್ನು ಶತಮಾನಕ್ಕೂ ಹಿಂದೆ ಕಲ್ಕತ್ತೆಯಲ್ಲಿ ಮಾಡಿ ತೋರಿಸಿದ ಮಹನೀಯರು ಜಗದೀಶಚಂದ್ರ ಬೋಸರು.

ಅವರು ಜನಿಸಿದುದು 1858ನೆಯ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್‌ಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಆ ಅಂತಸ್ತಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಪರಭಾಷೆಗೆ ಮೊದಲು ತಾಯ್ನುಡಿಯನ್ನೂ ನಮ್ಮ ಜನರನ್ನೂ ಅರಿಯಬೇಕೆಂಬುದು ಅವರ ಮತ. ಜವಾನನ ಮಗ ಒಂದು ಪಕ್ಕದಲ್ಲಿ, ಬೆಸ್ತರ ಹುಡುಗ ಮತ್ತೊಂದು ಪಕ್ಕದಲ್ಲಿ. ಅವರಿಂದ ಕೇಳಿದ ಮೀನು, ಹಕ್ಕಿ, ಪ್ರಾಣಿಗಳ ಕಥೆಗಳೇ ಬಾಲಕನಿಗೆ ಪ್ರಕೃತಿಪಾಠವಾದವು. ಹೊರನಾಡಿನಲ್ಲಿ ಮಕ್ಕಳ ಭಾಷೆಯ ಚಿಂತೆಯುಳ್ಳ ನಾವು ಇದನ್ನು ಒಂದು ಕ್ಷಣ ನಿಂತು ಗಮನಿಸಬಹುದು.

ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ, ಜ್ವರದ ಬಾಧೆಯಿಂದ ವೈದ್ಯವಿದ್ಯೆಯನ್ನು ಬಿಟ್ಟು, ಕೇಂಬ್ರಿಜಿನಲ್ಲಿ ವಿಜ್ಞಾನ ಪದವಿ ಪಡೆದು 1885ರಲ್ಲಿ ಹಿಂದಿರುಗಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ ವೃತ್ತಿ ದೊರೆಯಿತು. ಆದರೆ ಯುರೋಪಿಯನ್ನರಿಗೆ ಸಲ್ಲುವ ವೇತನದಲ್ಲಿ ಭಾರತೀಯರಿಗೆ ಮೂರರಲ್ಲಿ ಎರಡು ಪಾಲು ಮಾತ್ರ. ನೇಮಕ ತಾತ್ಕಾಲಿಕವೆಂಬ ನೆವದಿಂದ ಅದರಲ್ಲಿಯೂ ಅರ್ಧ. ಸಮಾನ ಕೆಲಸಕ್ಕೆ ಮೂರನೆಯ ಒಂದು ಪಾಲು ಸಂಬಳ! ಬೋಸರು ಜಗಳಕ್ಕೆ ನಿಲ್ಲಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಪಾಠವನ್ನು ಚಾಚೂ ತಪ್ಪದೆ ಹೇಳಿದರು; ಸಂಬಳವನ್ನು ಮುಟ್ಟಲಿಲ್ಲ. ಹೀಗೆ ಮೂರು ವರ್ಷ ನಡೆಯಿತು. ತಿಂಗಳ ಕೊನೆಯ ತಾರೀಖನ್ನು ಎದುರುನೋಡಿ ಸಂಸಾರ ನಡೆಸುವವರಿಗೆ ಇದರ ಭಾರ ಎಷ್ಟೆಂದು ವಿವರಿಸಬೇಕಾಗಿಲ್ಲ. ಅದೂ ತಂದೆಯ ಸಾಲ ಮನೆಯ ಮೇಲಿದ್ದ ಹೊತ್ತು. 1887ರಲ್ಲಿ ವಿವಾಹವಾದ ಅಬಲಾ ದೇವಿಯವರು ಈ ಕಷ್ಟದಲ್ಲಿ ಸಮಭಾಗಿಗಳಾದರು. ಆಕೆ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆಯುತ್ತಿದ್ದವರು. ಕಲ್ಕತ್ತೆಯಲ್ಲಿ ಆಗ ಹೆಂಗಸರಿಗೆ ಆ ಬಾಗಿಲು ತೆರೆದಿರಲಿಲ್ಲ. ನಗರದಲ್ಲಿ ಬಾಡಿಗೆ ತೆರಲಾರದೆ ದಂಪತಿಗಳು ಚಂದ್ರನಗರದಲ್ಲಿ ಮನೆಮಾಡಿ, ದೋಣಿಯಲ್ಲಿ ಹೂಗ್ಲಿ ನದಿಯನ್ನು ದಾಟುತ್ತಿದ್ದರು. ಕೊನೆಗೆ ಸರಕಾರವೇ ಮಣಿಯಿತು. ನೇಮಕ ಖಾಯಂ ಆಯಿತು. ಮೊದಲ ದಿನದಿಂದ ಲೆಕ್ಕಹಾಕಿ ಪೂರ್ಣ ವೇತನ ಕೈಗೆ ಬಂತು. ಅದು ಸಾಲ ತೀರಿಸುವುದಕ್ಕೆ ಹೋಯಿತು.

1894ರಲ್ಲಿ, ಮೂವತ್ತಾರರ ಹುಟ್ಟುಹಬ್ಬದಂದು, ಅವರು ಸಂಶೋಧನೆಗೆ ಸಂಕಲ್ಪ ತೊಟ್ಟರು. ಸಜ್ಜಾದ ಪ್ರಯೋಗಾಲಯವಿರಲಿಲ್ಲ, ಒಂದು ಚಿಕ್ಕ ಕೋಣೆ, ಒಬ್ಬ ತಗಡು ಕೆಲಸದವನು, ಅಷ್ಟೆ. ಅಲ್ಲಿಯೇ ಕೆಲವೇ ಮಿಲಿಮೀಟರು ಉದ್ದದ ವಿದ್ಯುತ್ ತರಂಗಗಳನ್ನು ಹುಟ್ಟಿಸಿದರು. 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ಕಳಿಸಿದ ಕಾಣದ ಅಲೆ ಗೋಡೆಗಳನ್ನು ಹಾಯ್ದು ದೂರದ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದನ್ನು ಸಿಡಿಸಿತು. ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವನ್ನೂ ಹೊಸೆದ ಸೆಣಬಿನ ಕಟ್ಟನ್ನೂ ಆ ಅಲೆಗಳ ಗುಣ ಪರೀಕ್ಷಿಸಲು ಬಳಸಿದರೆಂದರೆ ಅವರ ಜಾಣ್ಮೆ ತಿಳಿಯುತ್ತದೆ.

ತರಂಗವನ್ನು ಹುಟ್ಟಿಸುವುದಕ್ಕಿಂತ ಅದನ್ನು ಅರಿಯುವುದೇ ಕಠಿನ. ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ಆರಿಸಿದರು. ಲೋಹದ ಮೊನೆ ಆ ಹರಳನ್ನು ಮುಟ್ಟುವಂತೆ ಇಟ್ಟು ವಿದ್ಯುತ್ ಹರಿಸಿದಾಗ, ತರಂಗ ತಾಕಿದೊಡನೆ ಪ್ರವಾಹ ವ್ಯತ್ಯಾಸವಾಗುತ್ತಿತ್ತು. ವಿಶೇಷವೆಂದರೆ ಅದೇ ಹರಳು ಕಣ್ಣಿಗೆ ಕಾಣುವ ಬೆಳಕಿಗೂ ಕಾಣದ ಕಿರಣಗಳಿಗೂ ಓಗೊಡುತ್ತಿತ್ತು. ಬೋಸರು ಇದಕ್ಕೆ ತೇಜೋಮೀಟರ್ ಎಂದು ಹೆಸರಿಟ್ಟರು. ಅರೆವಾಹಕ ಹರಳಿನಿಂದ ಅರಿವು ಪಡೆಯುವ ಇಂದಿನ ಪದ್ಧತಿಯ ಬೇರು ಇಲ್ಲಿದೆ. ಟ್ರಾನ್ಸಿಸ್ಟರ್ ನಿರ್ಮಾಪಕರಲ್ಲೊಬ್ಬರಾದ ಬ್ರಾಟನ್ನರೂ ಈ ಪ್ರಾಥಮ್ಯವನ್ನು ಬೋಸರಿಗೇ ಸಲ್ಲಿಸಿದರು.

ಗ್ರಾಹಕವನ್ನು ಬಿಡುವಿಲ್ಲದೆ ದುಡಿಸಿದರೆ ಅದು ಮಂಕಾಗುವುದನ್ನೂ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಅವರು ಕಂಡರು. ಲೋಹಕ್ಕೂ ದಣಿವುಂಟೇ? ಆ ಪ್ರಶ್ನೆ ಅವರನ್ನು ಸಸ್ಯಗಳ ಕಡೆಗೆ ಎಳೆದೊಯ್ದಿತು. 1901ರಲ್ಲಿ ಲಂಡನಿನ ಶರೀರಶಾಸ್ತ್ರಜ್ಞರು ಇದನ್ನು ಪ್ರಬಲವಾಗಿ ವಿರೋಧಿಸಿದರು. ಜಡ ಮತ್ತು ಜೀವಗಳ ಬಗೆಗಿನ ಅವರ ಎಲ್ಲ ತೀರ್ಮಾನಗಳನ್ನು ಇಂದಿನ ವಿಜ್ಞಾನ ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ಆದರೆ ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರುವ ಅವರ ಕ್ರೆಸ್ಕೋಗ್ರಾಫ್ ಯಂತ್ರದ ನಯಗಾರಿಕೆ ಅಸಾಮಾನ್ಯವಾದುದು.

ವಿದ್ಯೆಯಿಂದ ಹಣ ಮಾಡುವುದು ಅವರಿಗೆ ಒಗ್ಗದು. ವಿದೇಶೀ ವ್ಯಾಪಾರಿಯೊಬ್ಬನು ಪೇಟೆಂಟಿಗಾಗಿ ಬೆನ್ನುಹತ್ತಿದಾಗ ನಿರಾಕರಿಸಿದರು. ಸೋದರಿ ನಿವೇದಿತಾ ಮತ್ತು ಶ್ರೀಮತಿ ಬುಲ್ ಅವರ ಒತ್ತಾಯದಿಂದ 1901ರಲ್ಲಿ ಅಮೆರಿಕಕ್ಕೆ ಅರ್ಜಿ ಹೋಗಿ, 1904ರ ಮಾರ್ಚಿಯಲ್ಲಿ ಹರಳಿನ ಗ್ರಾಹಕಕ್ಕೆ ಪೇಟೆಂಟ್ ದೊರೆಯಿತು. ಬೋಸರು ಅದರ ಲಾಭ ಪಡೆಯದೆ ಅವಧಿ ಮುಗಿಯಗೊಟ್ಟರು. ಇದು ಔದಾರ್ಯವೇ ಹೌದು; ಬಡ ದೇಶಕ್ಕೆ ನಷ್ಟವೂ ಆಯಿತೆಂದು ಈ ಲೇಖಕನಿಗೆ ಅನ್ನಿಸದೆ ಇಲ್ಲ.

1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಬೋಸ್ ಸಂಸ್ಥೆಯನ್ನು ತೆರೆದರು. 1920ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ ನೀಡಿತು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಎಪ್ಪತ್ತೊಂಬತ್ತು ತುಂಬಲು ಏಳು ದಿನ ಉಳಿದಿದ್ದವು. ಅವರು ಕೈಯಾರೆ ರೂಪಿಸಿದ ಉಪಕರಣಗಳನ್ನು ಆ ಸಂಸ್ಥೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.