ಹಂಗಳದಿಂದ ಬೆಳಗೊಳಕ್ಕೆ: ವಿಶಾಲಾಕ್ಷ ಪಂಡಿತನ ಬದುಕಿನ ಎರಡು ಮುಖಗಳು

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಸಾಗುವ ದಾರಿಯಲ್ಲಿ ಹಂಗಳ ಎಂಬ ಊರಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿಂದಲೇ ಕವಲುದಾರಿ ಹಿಡಿಯಬೇಕು. ಬೆಟ್ಟದ ಮೇಲಿರುವುದು ವೈಷ್ಣವ ಕ್ಷೇತ್ರ. ಆದರೆ ಆ ಬೆಟ್ಟದ ಬುಡದ ಈ ಊರಿನ ಚರಿತ್ರೆಯಲ್ಲಿ, ಶ್ರವಣಬೆಳಗೊಳದ ಗೊಮ್ಮಟನಿಗೆ 1677ರಲ್ಲಿ ಮಹಾಮಸ್ತಕಾಭಿಷೇಕ ಮಾಡಿಸಿದ ಜೈನ ಮಂತ್ರಿಯೊಬ್ಬನ ಬದುಕಿನ ಮುಖ್ಯ ಘಟ್ಟ ಅಡಗಿದೆ. ಆತನೇ ಮೈಸೂರು ಅರಸು ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿದ್ದ ಯಳಂದೂರಿನ ವಿಶಾಲಾಕ್ಷ ಪಂಡಿತ. ಆತನ ಬದುಕನ್ನು ಕುರಿತ ಆಕರಗಳು ಎರಡು ಬೇರೆ ಬೇರೆ ವ್ಯಕ್ತಿತ್ವಗಳನ್ನು ಕಟ್ಟಿಕೊಡುತ್ತವೆ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1645ರಲ್ಲಿ ಜನಿಸಿದ ಚಿಕ್ಕದೇವರಾಜರು ಎಳವೆಯ ಕೆಲಕಾಲವನ್ನು ಯಳಂದೂರಿನಲ್ಲಿ ಕಳೆದರೆಂದೂ ವಿಶಾಲಾಕ್ಷನ ಸ್ನೇಹ ಅಲ್ಲಿಯೇ ಬೆಳೆಯಿತೆಂದೂ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಬರೆದಿದ್ದಾನೆ. ಮುಂದೆ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ (1659-1673) ಸಿಂಹಾಸನಕ್ಕೆ ಹಕ್ಕುದಾರನಾಗಬಲ್ಲ ಈ ತರುಣನನ್ನು ಹಂಗಳದಲ್ಲಿ ಇರಿಸಲಾಯಿತು. ಅದು ಗೌರವದ ಹೊದಿಕೆಯಿದ್ದ ಸೆರೆವಾಸ. ಆ ದಿನಗಳಲ್ಲಿಯೂ ಪಂಡಿತನು ರಾಜಕುಮಾರನ ಜೊತೆಗಿದ್ದನು. ರಾಜಧಾನಿಯಿಂದ ದೂರವಿರಿಸಲ್ಪಟ್ಟವನ ಒಡನಾಟದಿಂದ ಆಗ ಲಾಭವೇನೂ ಇರಲಿಲ್ಲ, ಅಪಾಯವೇ ಹೆಚ್ಚಾಗಿತ್ತು. ತಾನು ಅರಸನಾದರೆ ಪಂಡಿತನನ್ನೇ ಮಂತ್ರಿಯನ್ನಾಗಿ ಮಾಡಿಕೊಳ್ಳುವುದಾಗಿ ಚಿಕ್ಕದೇವರಾಜರು ಮಾತು ಕೊಟ್ಟಿದ್ದರೆಂಬ ಐತಿಹ್ಯವನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಗುಂಡ್ಲುಪೇಟೆಯಲ್ಲಿ ತೀರಿಕೊಂಡ ತಂದೆಯ ನೆನಪಿಗೆ ಅರಸರು ಮುಂದೆ ಅಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಸಂಗಾತಿಗೆ ಕೊಟ್ಟ ಮಾತನ್ನು 1673ರಲ್ಲಿ ಪಟ್ಟವೇರಿದೊಡನೆ ಉಳಿಸಿಕೊಂಡರು.

ಐವರು ಮಂತ್ರಿಗಳ ಆ ಸಭೆಯಲ್ಲಿ ವಿಶಾಲಾಕ್ಷನೊಂದಿಗೆ ಶ್ರೀವೈಷ್ಣವರಾದ ತಿರುಮಲಾರ್ಯ ಮತ್ತು ಚಿಕುಪಾಧ್ಯಾಯ, ಷಡಕ್ಷರಯ್ಯ, ಕರಣಿಕ ಲಿಂಗಣ್ಣಯ್ಯ ಇದ್ದರು. ಚಿಕುಪಾಧ್ಯಾಯನು ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿಯವನು. ಸಂಚಿ ಹೊನ್ನಮ್ಮನು ಯಳಂದೂರಿನವಳು. ಚಿಕ್ಕದೇವರಾಜರ ಆಸ್ಥಾನದ ವಿದ್ವತ್ತಿಗೆ ಇಂದಿನ ಚಾಮರಾಜನಗರ ಜಿಲ್ಲೆಯ ನೆಲ ಎಷ್ಟು ಒದಗಿಬಂದಿತ್ತೆಂಬುದನ್ನು ಇದು ಸೂಚಿಸುತ್ತದೆ.

981ರ ಸುಮಾರಿಗೆ ಚಾವುಂಡರಾಯನು ನಿಲ್ಲಿಸಿದ, ಸುಮಾರು 58 ಅಡಿ ಎತ್ತರದ ಬಾಹುಬಲಿಯ ಮೂರ್ತಿಗೂ ಮೈಸೂರು ಅರಸರಿಗೂ ಸಂಬಂಧ ಹಳೆಯದು. 1634ರಲ್ಲಿ ಚಾಮರಾಜ ಒಡೆಯರು ಬೆಳಗೊಳದ ದೇವರ ಭೂಮಿಗಳನ್ನು ಅಡವಿನಿಂದ ಬಿಡಿಸಿದ್ದನ್ನು ಅಲ್ಲಿಯ ಶಾಸನ ದಾಖಲಿಸಿದೆ. ವಿಶಾಲಾಕ್ಷನು ತನ್ನ ವೆಚ್ಚದಲ್ಲಿ 1677ರ ಮಸ್ತಕಾಭಿಷೇಕವನ್ನು ನೆರವೇರಿಸಿದ ಸಂಗತಿಯನ್ನು ಅನಂತಕವಿಯ ಗೊಮ್ಮಟೇಶ್ವರ ಚರಿತೆ ತಿಳಿಸುತ್ತದೆ. ಬೆಳಗೊಳದ ಕಲ್ಯಾಣಿಯನ್ನು ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಬಿನ್ನಹದ ಮೇರೆಗೆ ಚಿಕ್ಕದೇವರಾಜರು ಆರಂಭಿಸಿದರೆಂಬುದೂ ಅದೇ ಕೃತಿಯ ಮಾಹಿತಿ. ಶ್ರೀವೈಷ್ಣವ ನಿಷ್ಠೆಯ ಅರಸನ ಕಾಲದಲ್ಲಿಯೂ ಜೈನ ಕ್ಷೇತ್ರಕ್ಕೆ ಅರಮನೆಯ ಬಾಗಿಲು ತೆರೆದಿತ್ತು. ಆ ಬಾಗಿಲಲ್ಲಿ ವಿಶಾಲಾಕ್ಷನಿದ್ದನು ಎಂಬುದು ಗಮನಾರ್ಹ.

ಇದು ಒಂದು ಮುಖ. ಇನ್ನೊಂದು ಮುಖ ಕಠೋರವಾದುದು. ಭೂಕಂದಾಯದ ಪ್ರಮಾಣವನ್ನು ನೇರವಾಗಿ ಏರಿಸದೆ ಸರ್ಕಾರವು ಹಲವು ಬಗೆಯ ಸಣ್ಣ ತೆರಿಗೆಗಳನ್ನು ಹೇರಿದಾಗ, ರೈತರು ಉಳುಮೆ ನಿಲ್ಲಿಸಿ ನೇಗಿಲನ್ನು ಊರಬಾಗಿಲಲ್ಲಿ ತಲೆಕೆಳಗಾಗಿ ತೂಗುಹಾಕಿದರೆಂದು ವಿಲ್ಕ್ಸ್ ಹೇಳುತ್ತಾನೆ. ಪ್ರತಿರೋಧಕ್ಕೆ ಜಂಗಮರು ಮುಂದಾಳುಗಳಾದರು. ನಂಜನಗೂಡಿನಲ್ಲಿ ನಾನೂರಕ್ಕೂ ಹೆಚ್ಚು ಜಂಗಮರನ್ನು ಮೋಸದಿಂದ ಕೊಲ್ಲಿಸಲಾಯಿತೆಂಬ ಆತನ ನಿರೂಪಣೆಯಲ್ಲಿ ಹೊಣೆಯ ನೆರಳು ಜೈನ ಮಂತ್ರಿಯ ಮೇಲೂ ಬೀಳುತ್ತದೆ. 1686ರಲ್ಲಿ ವಿಶಾಲಾಕ್ಷನು ಕೊಲೆಯಾದನು. ಸಾಯುವ ಮುನ್ನ ತನ್ನ ಸ್ಥಾನಕ್ಕೆ ತಿರುಮಲಾರ್ಯನನ್ನು ಸೂಚಿಸಿದನೆಂದೂ ವಿಲ್ಕ್ಸ್ ಬರೆದಿದ್ದಾನೆ. ಜೈನನೊಬ್ಬನು ಕೊನೆಯ ಗಳಿಗೆಯಲ್ಲಿ ಶ್ರೀವೈಷ್ಣವನನ್ನು ಆರಿಸಿದ ಈ ವಿವರವು, ಆತನನ್ನು ಕೇವಲ ಮತೀಯ ದ್ವೇಷದ ವ್ಯಕ್ತಿಯಾಗಿ ಕಾಣುವ ನೋಟಕ್ಕೆ ಒಗ್ಗುವುದಿಲ್ಲ.

ಇಲ್ಲಿ ಆಕರಗಳ ಕಾಲವನ್ನು ಮರೆಯುವಂತಿಲ್ಲ. ಅನಂತಕವಿ ಘಟನೆಗಳಿಗಿಂತ ಸುಮಾರು ನೂರು ವರ್ಷ ಈಚಿನವನು. ವಿಲ್ಕ್ಸ್ ಅದಕ್ಕೂ ಈಚಿನವನು. ಜಂಗಮರ ದಂಗೆಯ ಪ್ರಸ್ತಾಪವಿರುವ ರಾಜಾವಳಿ ಕಥೆಯನ್ನು ಕನಕಗಿರಿಯ, ಅಂದರೆ ಚಾಮರಾಜನಗರ ಸೀಮೆಯ ಮಲೆಯೂರಿನ, ದೇವಚಂದ್ರನು ಮುಗಿಸಿದ್ದು 1838ರಲ್ಲಿ. ಭಕ್ತಿಯ ಪರಂಪರೆ ಅಭಿಷೇಕವನ್ನು ಉಳಿಸಿಕೊಂಡಿತು; ಆಡಳಿತದ ಚರಿತ್ರೆ ರಕ್ತಪಾತವನ್ನು ಉಳಿಸಿಕೊಂಡಿತು. ಕೊಲೆಯಾದವರ ಸಂಖ್ಯೆಯನ್ನು ಪ್ರಶ್ನಿಸಬಹುದು. ಆದರೆ ರೈತರ ಸಂಕಟವನ್ನೇ ಕಥೆಯೆಂದು ತಳ್ಳಿಹಾಕುವುದು ಸಾಧುವಲ್ಲ. ಹಾಗೆಯೇ, ತೆರಿಗೆ ಇಡೀ ಸರ್ಕಾರದ ನೀತಿಯಾಗಿದ್ದಾಗ, ಹೊಣೆಯನ್ನು ಒಬ್ಬ ಮಂತ್ರಿಯ ಮತಕ್ಕೆ ಅಂಟಿಸುವುದೂ ಚರಿತ್ರೆಗೆ ಮಾಡುವ ಅನ್ಯಾಯ.

ಗೊಮ್ಮಟನದು ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಮೂರ್ತಿ. ಅದರ ನೆತ್ತಿಗೆ ಹಾಲೆರೆಸಿದ ವಿಶಾಲಾಕ್ಷನು ರಾಜ್ಯವನ್ನು ಬಿಡದೆ ಅದರಲ್ಲಿಯೇ ತೀರಿಕೊಂಡವನು. ಹಂಗಳದ ನಿಷ್ಠೆ, ಬೆಳಗೊಳದ ಭಕ್ತಿ, ನಂಜನಗೂಡಿನ ಕಳಂಕ ಈ ಮೂರನ್ನೂ ಒಬ್ಬನ ಬದುಕಿನ ಭಾಗಗಳಾಗಿ ಓದಿದಾಗ ಮಾತ್ರ ಹದಿನೇಳನೆಯ ಶತಮಾನದ ಮೈಸೂರಿನಲ್ಲಿ ಧರ್ಮ ಮತ್ತು ಅಧಿಕಾರ ಹೆಣೆದುಕೊಂಡಿದ್ದ ಬಗೆ ನಮಗೆ ತಿಳಿದೀತು.