ಕಾಕಾನ ಜೀಪಿನ ಕೆಳಗೆ ರಾಬರ್ಟ್ ಹುಕ್

ರಾಬರ್ಟ್ ಹುಕ್ ಅಂದ್ರೆ ನಮಗೆಲ್ಲ ಪಿಯುಸಿ ಫಿಸಿಕ್ಸ್‌ನ ಸ್ಪ್ರಿಂಗ್ ಲೆಕ್ಕ, ಅಷ್ಟೇ. ಹೋದ ರಜೆಯಲ್ಲಿ ಹಳಿಯಾಳದಲ್ಲಿ ಕಾಕಾನ ಜೀಪಿನ ಕೆಳಗೆ ಮಲಗಿದ ಮೇಲೆ ಈ ಮನುಷ್ಯನ ಬಗ್ಗೆ ಓದಬೇಕು ಅನ್ನಿಸ್ತು. ಕಾಕಾ ಜೋಯಿಡಾ ಕಡೆ ಪ್ರವಾಸಿಗರನ್ನ ಕರ್ಕೊಂಡು ಹೋಗ್ತಾರೆ. ಕಲ್ಲು, ಕೆಸರಿನ ದಾರಿಗೆ ಅಂತ ಲೀಫ್ ಸ್ಪ್ರಿಂಗ್ ಬದಲಿಸಿ ಜೀಪನ್ನ ಎರಡು ಇಂಚು ಎತ್ತರಿಸಿದ್ರು. ಆಮೇಲೆ ಶುರುವಾಯ್ತು ನಡುಕ. ದಾಂಡೇಲಿ ಮುಟ್ಟೋದ್ರೊಳಗೆ ಸೀಟೇ ಅಲ್ಲಾಡ್ತಿತ್ತು.

ಹುಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕಿರೋ ಐಲ್ ಆಫ್ ವೈಟ್ ದ್ವೀಪದಲ್ಲಿ. ಅಪ್ಪ ಪಾದ್ರಿ. ಹುಡುಗನಿಗೆ ಸದಾ ಕಾಯಿಲೆ. ಬಿಚ್ಚಿದ ಹಿತ್ತಾಳೆ ಗಡಿಯಾರ ನೋಡಿ ಮರದಲ್ಲಿ ಅಂಥದ್ದೇ ಮಾಡಿದ್ದನಂತೆ, ಅದು ನಡೀತಿತ್ತಂತೆ ಕೂಡ. ಹದಿಮೂರಕ್ಕೆ ಅಪ್ಪ ತೀರಿಹೋದ. ಲಂಡನ್ನಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಬಾಯ್ಲ್‌ಗೆ ಏರ್ ಪಂಪ್ ಕಟ್ಟಿಕೊಟ್ಟ. 1662ರಲ್ಲಿ ರಾಯಲ್ ಸೊಸೈಟಿ ಅವನನ್ನ ಪ್ರಯೋಗಗಳ ಉಸ್ತುವಾರಿಗೆ ಇಟ್ಕೊಳ್ತು. ಸಭೆ ಸಭೆಗೂ ಹೊಸ ಪ್ರಯೋಗ ತೋರಿಸೋದು ಅವನ ಕೆಲಸ. ನಮಗೆ ಸೆಮಿಸ್ಟರ್‌ಗೆ ಒಂದು ಮಿನಿ ಪ್ರಾಜೆಕ್ಟೇ ಭಾರ! 1665ರ ‘ಮೈಕ್ರೋಗ್ರಾಫಿಯಾ’ದಲ್ಲಿ ಸೆಲ್ ಅನ್ನೋ ಹೆಸರು ಕೊಟ್ಟವನೂ ಅವನೇ. ಮರುವರ್ಷ ಲಂಡನ್ ಸುಟ್ಟುಹೋದಾಗ ಊರನ್ನ ಅಳೆದು ಮತ್ತೆ ಕಟ್ಟಿಸೋ ಸರ್ವೇಯರ್‌ಗಳಲ್ಲಿ ಒಬ್ಬನಾದ.

ನನ್ನ ಕಥೆಗೆ ಬೇಕಾದ್ದು 1676ರ ಪುಸ್ತಕ. ಸೂರ್ಯನನ್ನ ನೋಡೋ ಉಪಕರಣಗಳ ಬಗ್ಗೆ ಬರೀತಾ ಅದರಲ್ಲಿ ಒಂದು ಜಾಯಿಂಟ್ ವಿವರಿಸಿದ. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಕ್ರಾಸ್ ಅಂತಾರೆ, ಪುಸ್ತಕದಲ್ಲಿ ಹುಕ್ಸ್ ಜಾಯಿಂಟ್. ಅವನಿಗಿಂತ ಮೊದಲೂ ಇಂಥದ್ದು ಇತ್ತು. 1664ರಲ್ಲಿ ಅದರ ಬಗ್ಗೆ ಬರೆದ ಶಾಟ್ ಅನ್ನೋನು ಅದು ಒಂದೇ ವೇಗದಲ್ಲಿ ತಿರುಗುತ್ತೆ ಅಂದ್ಕೊಂಡಿದ್ದ. ಹುಕ್‌ಗೆ ಗೊತ್ತಾಯ್ತು, ಹಾಗಲ್ಲ ಅಂತ. ಕೋನದಲ್ಲಿ ತಿರುಗುವಾಗ ಆಚೆ ಕಡೆ ಶಾಫ್ಟ್ ಒಂದು ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತೆ. ಆ ದೋಷವನ್ನೇ ಅವನು ನೆರಳು ಗಡಿಯಾರದ ನೆರಳಿನ ಏರುಪೇರಿಗೆ ಹೊಂದಿಸಿದ. ಇದು ಓದಿದಾಗ ನಾನು ನಿಜವಾಗ್ಲೂ ಎದ್ದು ಕೂತೆ, ಯಾಕಂದ್ರೆ ಜೀಪಿನ ನಡುಕ ಇದೇ.

ಲೆಕ್ಕ ಹಾಕಿ ನೋಡಿ. ಗೇರ್ ಕಡೆ ಕ್ರಾಸಿಂದ ಹಿಂದಿನ ಆಕ್ಸಲ್ ಕ್ರಾಸಿಗೆ ಅಡ್ಡ 600 ಮಿ.ಮೀ., ಇಳಿಜಾರು 200 ಇದ್ರೆ ಶಾಫ್ಟ್ 632. ಬಾಡಿ 50 ಎತ್ತಿದ್ರೆ ಇಳಿಜಾರು 250, ಶಾಫ್ಟ್ 650 ಬೇಕು. ಕೋನ 18ರಿಂದ ಸುಮಾರು 23 ಡಿಗ್ರಿಗೆ ಹೋಗುತ್ತೆ, ವೇಗದ ಏರಿಳಿತ ಶೇಕಡಾ 5ರಿಂದ 8ಕ್ಕೆ. ಎರಡು ಕಡೆ ಕೋನ ಸಮ ಇದ್ದು, ಎರಡು ಯೋಕ್ ಒಂದೇ ಸಾಲಿನಲ್ಲಿದ್ರೆ ಒಂದರ ತಪ್ಪನ್ನ ಇನ್ನೊಂದು ಹೊಡೆದು ಹಾಕುತ್ತೆ. ಕಾಕಾನ ಜೀಪಲ್ಲಿ ಆಕ್ಸಲ್ ಮೂತಿ ಬೇರೆ ಕಡೆ ತಿರುಗಿತ್ತು. ಇನ್ನು ಆ 18 ಮಿ.ಮೀ. ಕೊರತೆಗೆ ಸ್ಲಿಪ್ ಜಾಯಿಂಟ್ ಹೊರಗೆ ಎಳೆದುಕೊಂಡಿತ್ತು, ಒಳಗೆ ಹಲ್ಲು ಸ್ವಲ್ಪವೇ ಕಚ್ಚಿಕೊಂಡಿತ್ತು. ಹಳ್ಳದಲ್ಲಿ ಚಕ್ರ ಪೂರ್ತಿ ಜೋತುಬಿದ್ದಿದ್ರೆ ಶಾಫ್ಟ್ ಕಳಚಿ ಬೀಳ್ತಿತ್ತು, ಹಿಂದೆ ಜನ ಕೂತಿರುವಾಗ.

1678ರಲ್ಲಿ ಹುಕ್ ಸ್ಪ್ರಿಂಗ್ ನಿಯಮ ಪ್ರಕಟಿಸಿದ, ಅಂದ್ರೆ ಜೀಪ್ ಎತ್ತಿದ ಸ್ಪ್ರಿಂಗೂ ನಡುಗಿಸಿದ ಕ್ರಾಸೂ ಒಬ್ಬನದೇ ಕೆಲಸ! ಜೀವನದಲ್ಲಿ ಜಗಳಕ್ಕೂ ಕಮ್ಮಿ ಇರಲಿಲ್ಲ. ವಾಚಿನ ಸ್ಪ್ರಿಂಗಿಗೆ ಹೈಗೆನ್ಸ್ ಜೊತೆ, ಗುರುತ್ವಕ್ಕೆ ನ್ಯೂಟನ್ ಜೊತೆ. ತನ್ನದು ಕದ್ದರು ಅನ್ನೋ ಸಿಟ್ಟು ಹೋಗಲೇ ಇಲ್ಲ. ಕೆಲವು ಸಲ ಅದು ಸರಿಯೂ ಅಲ್ಲ ಅಂತ ನನಗನ್ಸುತ್ತೆ. 1703ರಲ್ಲಿ ಸತ್ತ. ಕೋಣೆಯ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಇತ್ತು. ಅದೇ ವರ್ಷ ನ್ಯೂಟನ್ ಸೊಸೈಟಿ ಅಧ್ಯಕ್ಷನಾದ. ಹುಕ್‌ನದೇ ಅಂತ ಎಲ್ಲರೂ ಒಪ್ಪೋ ಒಂದು ಚಿತ್ರವೂ ಇವತ್ತು ಇಲ್ಲ.

ಕಾಕಾ ಹೊಸ ಶಾಫ್ಟ್ ಮಾಡಿಸಿದ್ರು. ಜೀಪ್ ಚಕ್ರದ ಮೇಲೆ ನಿಂತಿರುವಾಗ ಕ್ರಾಸಿನ ನಡುವಿಂದ ನಡುವಿಗೆ ಅಳತೆ ತಗೊಂಡ್ವಿ. ಆಮೇಲೆ ಚಾಸಿಗೆ ಜ್ಯಾಕ್ ಕೊಟ್ಟು ಆಕ್ಸಲ್ ಪೂರ್ತಿ ಇಳಿಬಿಟ್ಟು ಒಂದು ಸಲ, ಆಕ್ಸಲ್ ಮೇಲಕ್ಕೆ ಒತ್ತಿ ಇನ್ನೊಂದು ಸಲ. ಇಳಿದಾಗ ಕಳಚಬಾರದು, ಏರಿದಾಗ ಗುದ್ದಬಾರದು. ಟೇಪ್ ಹಿಡಿದಿದ್ದು ನಾನು.