ಕರ್ನಲ್ ಕಾಲಿನ್ ಮೆಕೆಂಜಿ

ಕರ್ನಾಟಕದ ಇತಿಹಾಸಕ್ಕೆ ನೆರವಾಗುವ ಆಕರಗಳಲ್ಲಿ ಕೈಫಿಯತ್ತುಗಳು ಮುಖ್ಯವಾದವು. ಊರಿನ ಹೆಸರು, ಅದರ ಹುಟ್ಟು, ಆಳಿದ ಅರಸರು, ಗುಡಿಗೋಪುರಗಳು ಮುಂತಾದ ವಿವರಗಳನ್ನೊಳಗೊಂಡ ಈ ಬರಹಗಳ ಮಹಾಸಂಗ್ರಹಕ್ಕೆ ಕಾರಣನಾದವನು ಕರ್ನಲ್ ಕಾಲಿನ್ ಮೆಕೆಂಜಿ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸುಮಾರು 1754ರಲ್ಲಿ ಜನಿಸಿದ ಮೆಕೆಂಜಿಯು 1783ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆಂದು ಮದರಾಸಿಗೆ ಬಂದನು. ಸೈನ್ಯದಲ್ಲಿ ಎಂಜಿನಿಯರನಾಗಿದ್ದು ಭೂಮಾಪನದಲ್ಲಿ ಪರಿಣತನಾದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನ ಪಾಲಿಗೆ ಬಂದಿತು. ಗಡಿಗಳನ್ನು ಗುರುತಿಸಿ ಅಧಿಕಾರವನ್ನು ಭದ್ರಪಡಿಸಿಕೊಳ್ಳುವುದು ಕಂಪೆನಿಯ ಉದ್ದೇಶ. ಮೆಕೆಂಜಿಯ ದೃಷ್ಟಿಯಾದರೋ ಅದಕ್ಕಿಂತ ವಿಶಾಲವಾಗಿತ್ತು.

ಬೆಟ್ಟದ ಎತ್ತರವನ್ನು ಉಪಕರಣದಿಂದ ಅಳೆಯಬಹುದು. ಅದರ ಹೆಸರನ್ನು ಅಲ್ಲಿಯ ಜನರಿಂದಲೇ ಕೇಳಿ ತಿಳಿಯಬೇಕು. ಕೇಳಿದ ಹೆಸರನ್ನು ಸರಿಯಾಗಿ ಬರೆಯುವುದು ಇನ್ನೂ ಕಷ್ಟ. ‘ಹಳ್ಳಿ’ಯ ಳಕಾರಕ್ಕೂ ‘ಹಲ್ಲಿ’ಯ ಲಕಾರಕ್ಕೂ ರೋಮನ್ ಲಿಪಿಯಲ್ಲಿ ಇರುವುದು ಒಂದೇ ಅಕ್ಷರ. ಕಾಲಾಂತರದಲ್ಲಿ ಹೆಸರೇ ಬದಲಾಗುವುದೂ ಉಂಟು. ಇಂದಿನ ಹಳೇಬೀಡು ಹೊಯ್ಸಳರ ಶಾಸನಗಳಲ್ಲಿ ದೋರಸಮುದ್ರವಾಗಿದೆ. ದೇಶಭಾಷೆಗಳನ್ನರಿಯದ ಮೆಕೆಂಜಿಗೆ ಇಲ್ಲಿಯ ವಿದ್ವಾಂಸರ ನೆರವಿಲ್ಲದೆ ಈ ಕಾರ್ಯ ಸಾಧ್ಯವಿರಲಿಲ್ಲ.

ಅಂತಹ ನೆರವನ್ನಿತ್ತವರಲ್ಲಿ ಅಗ್ರಗಣ್ಯನು ಕಾವಲಿ ವೆಂಕಟ ಬೋರಯ್ಯ. ಬಹುಭಾಷಾ ಪಂಡಿತನಾದ ಈ ತರುಣನು ಹಳಗನ್ನಡ ಶಾಸನಗಳನ್ನು ಓದುವುದರಲ್ಲಿಯೂ ನಿಪುಣನಾಗಿದ್ದನು. ಅವನ ನೇತೃತ್ವದಲ್ಲಿ ಸಹಾಯಕರು ಊರೂರು ಸುತ್ತಿ ಹಿರಿಯರನ್ನು ವಿಚಾರಿಸಿದರು. ಓಲೆಗರಿ, ಕಡತಗಳನ್ನು ಪ್ರತಿಮಾಡಿದರು. ದುರ್ದೈವದಿಂದ ಬೋರಯ್ಯನು 1803ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ತಮ್ಮನಾದ ಲಕ್ಷ್ಮಯ್ಯನು ಅಣ್ಣನ ಕಾರ್ಯವನ್ನು ಕೈಗೆತ್ತಿಕೊಂಡನು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಶಾಸನಗಳ ಅಧ್ಯಯನಕ್ಕೆ ಸಹಾಯಕನಾದನು. ‘ರಾಜಾವಳೀ ಕಥೆ’ಯ ಕರ್ತೃ ದೇವಚಂದ್ರನು ಮೆಕೆಂಜಿಯನ್ನು ಕಂಡುದು 1804ರಲ್ಲಿ.

ಕಾಡಿನ ಜ್ವರ ಮೋಜಣಿದಾರರನ್ನು ಪೀಡಿಸಿತು. ಕಂಪೆನಿಯು ವೆಚ್ಚವನ್ನು ಕಡಿತಗೊಳಿಸಿತು. ಆದರೂ ಮೆಕೆಂಜಿ ಎದೆಗುಂದಲಿಲ್ಲ. ಸಂಗ್ರಹಕ್ಕಾಗಿ ತನ್ನ ಸ್ವಂತ ಹಣವನ್ನೇ ಧಾರಾಳವಾಗಿ ವ್ಯಯಮಾಡಿದನು. ಸುಮಾರು 40,000 ಚದರ ಮೈಲಿಗಳ ಮೋಜಣಿ ಮುಗಿಯಲು ವರ್ಷಗಳೇ ಹಿಡಿದವು. 1815ರಲ್ಲಿ ಅವನು ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನಿಯುಕ್ತನಾದನು.

ಸಂಗ್ರಹವನ್ನು ವಿಂಗಡಿಸಿ ಲೋಕಕ್ಕೆ ಒಪ್ಪಿಸಬೇಕೆಂಬ ಅವನ ಹಂಬಲವು ಕೈಗೂಡಲಿಲ್ಲ. 1821ರ ಮೇ 8ರಂದು ಅವನು ಕಾಲವಶನಾದನು. ಸರ್ಕಾರವು ಅವನ ಪತ್ನಿಯಿಂದ ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ವರ್ಣನಾತ್ಮಕ ಸೂಚಿಯನ್ನು ಪ್ರಕಟಿಸಿದನು. ಉಳಿದ ಕಾರ್ಯವನ್ನು ಮುಂದುವರಿಸಲು ಲಕ್ಷ್ಮಯ್ಯನು ಅವಕಾಶ ಕೋರಿದನಾದರೂ ಅದು ದೊರೆಯಲಿಲ್ಲ. ನಾಡನ್ನು ಬಲ್ಲವನಿಗೆ ಮನ್ನಣೆ ಸಲ್ಲದೆಹೋದುದು ವಿಷಾದದ ಸಂಗತಿ.

ಸಂಗ್ರಹದ ಭಾಗಗಳು ಇಂದು ಚೆನ್ನೈ ಮತ್ತು ಲಂಡನ್ನಿನ ಗ್ರಂಥಾಲಯಗಳಲ್ಲಿವೆ. ಊರಿನ ಹೆಸರು ಬರಿಯ ಗುರುತಲ್ಲ. ಅದು ಜನರ ನೆನಪಿನ ಭಂಡಾರ. ಆ ನೆನಪು ಅಳಿಯುವ ಮುನ್ನ ಅದನ್ನು ಬರಹಕ್ಕಿಳಿಸಿದ ಮೆಕೆಂಜಿಯೊಡನೆ, ಅವನಿಗೆ ಕಣ್ಣು ಕಿವಿಗಳಾದ ಈ ನಾಡಿನ ಪಂಡಿತರೂ ಚಿರಸ್ಮರಣೀಯರು.